ಫರ್ಸಿ ನಾಡಿನ ಒಣಮರಗಳು

ಮರಕುಟಿಗ ನೋಡಬೇಕೆಂದು ಹೊರಟವರು ಮೊದಲು ಸತ್ತ ಮರ ಹುಡುಕಬೇಕು. ಪೂರ್ತಿ ಸತ್ತದ್ದೇ ಆಗಬೇಕೆಂದೇನಿಲ್ಲ. ಒಂದು ಟೊಂಗೆ ಒಣಗಿದ ಬೇವು, ಸಿಡಿಲು ಬಡಿದು ಅರ್ಧ ಕರಕಾದ ಹುಣಸೆ, ಮೇಲೆ ಹಸಿರಾಗಿ ಕಂಡರೂ ಒಳಗೆ ತಿರುಳು ಕೊಳೆತ ಕರಿಜಾಲಿ, ಇಷ್ಟಿದ್ದರೂ ಸಾಕು. ಅಂಥ ಮರದ ಕೆಳಗೆ ಹತ್ತು ನಿಮಿಷ ನಿಂತರೆ ಹಕ್ಕಿ ತಾನಾಗಿ ಬರುತ್ತದೆ, ಇಲ್ಲವೆ ಅದು ಬಂದುಹೋದ ಗುರುತು ಸಿಗುತ್ತದೆ. ಕಲಬುರಗಿ ಜಿಲ್ಲೆಯ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿಗಳ ದಾರಿಯಲ್ಲಿ ಫೆಬ್ರವರಿಯ ಒಂದು ಶನಿವಾರ, ಭಾನುವಾರ ನಾವು ಮಾಡಿದ್ದು ಇದನ್ನೇ.

ಮರಕುಟಿಗಕ್ಕಾಗಿ ಕಲಬುರಗಿಗೆ ಹೋಗುತ್ತೀರಾ ಎಂದು ನಕ್ಕವರಿದ್ದರು. ಅವರ ನಗುವಿಗೆ ಕಾರಣವೂ ಇದೆ. ಜಗತ್ತಿನಲ್ಲಿ 230ಕ್ಕೂ ಹೆಚ್ಚು ಜಾತಿಯ ಮರಕುಟಿಗಗಳಿವೆ, ಭಾರತದಲ್ಲಿ 30ಕ್ಕೂ ಹೆಚ್ಚು. ಕರ್ನಾಟಕದಲ್ಲಿ ಅವನ್ನು ನೋಡಬೇಕೆಂದರೆ ಎಲ್ಲರೂ ದಾಂಡೇಲಿಯ ಕಡೆ ಬೆರಳು ತೋರಿಸುತ್ತಾರೆ. ಅಲ್ಲಿ ಒಂದೇ ಬೆಳಗಿನಲ್ಲಿ ಕಾಣುವಷ್ಟು ಜಾತಿಗಳು ಇಲ್ಲಿ ಇಡೀ ವರ್ಷ ತಿರುಗಿದರೂ ಸಿಗವು. ಆದರೆ ದಾಂಡೇಲಿಯಲ್ಲಿ ಮರಗಳು ಎಷ್ಟು ದಟ್ಟವೆಂದರೆ ಹಕ್ಕಿ ಯಾಕೆ ಈ ಮರದಲ್ಲಿದೆ, ಆ ಮರದಲ್ಲಿಲ್ಲ ಎಂಬ ಪ್ರಶ್ನೆ ಹುಟ್ಟುವುದೇ ಇಲ್ಲ. ಮರ ಎಣಿಸಿ ಮುಗಿಸಬಹುದಾದ ಬಯಲಿನಲ್ಲಿ ಆ ಪ್ರಶ್ನೆ ಎದುರಿಗೇ ನಿಂತಿರುತ್ತದೆ.

ಶಹಾಬಾದ ಎಂದರೆ ಫರ್ಸಿ. ಅರ್ಧ ದಕ್ಷಿಣ ಭಾರತದ ಪಡಸಾಲೆ, ಅಡುಗೆಮನೆ, ರೈಲು ನಿಲ್ದಾಣಗಳ ನೆಲಕ್ಕೆ ಹಾಸಿದ ತಿಳಿಬೂದು ಸುಣ್ಣಕಲ್ಲು ಇಲ್ಲಿನದು. ಭೂವಿಜ್ಞಾನಿಗಳು ಇದನ್ನು ಭೀಮಾ ಶಿಲಾಸಮೂಹಕ್ಕೆ ಸೇರಿಸುತ್ತಾರೆ. ಭೂಮಿಯ ಮೇಲೆ ಮರ ಎಂಬುದೇ ಇಲ್ಲದ ಕಾಲದಲ್ಲಿ, ಆಳವಿಲ್ಲದ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಕಲ್ಲು ಇದು. ಆ ಪದರಗಳಿಂದಲೇ ಫರ್ಸಿ ಹಪ್ಪಳದಂತೆ ಏಳುತ್ತದೆ. ಮರಕ್ಕೆ ಮಾತ್ರ ಈ ಗುಣ ಒಗ್ಗುವುದಿಲ್ಲ. ಮೇಲೆ ಗೇಣು ಮಣ್ಣು, ಕೆಳಗೆ ಮಟ್ಟಸ ಹಾಸು. ಬೇರಿಗೆ ಬಿರುಕು ಸಿಕ್ಕಲ್ಲಿ ಮರ, ಇಲ್ಲವಾದಲ್ಲಿ ಕುರುಚಲು. ಗಣಿಗಳ ಸುತ್ತ ರಾಶಿ ಬಿದ್ದ ಒಡಕು ಕಲ್ಲಿನ ಮೇಲೆ ಬಳ್ಳಾರಿ ಜಾಲಿ ಹಬ್ಬಿದೆ. ಅದರ ಕಾಂಡ ತೊಡೆ ಗಾತ್ರ ದಾಟುವ ಮೊದಲೇ ಯಾರೋ ಕಡಿದು ಒಯ್ಯುತ್ತಾರೆ. ಮರಕುಟಿಗಕ್ಕೆ ಅದರಿಂದ ಊಟ ಸಿಕ್ಕೀತು, ಮನೆ ಸಿಗದು.

ನೀರು ನಿಂತ ಹಳೆಯ ಗಣಿಯೊಂದರ ದಂಡೆಯಲ್ಲಿ, ಅಷ್ಟು ದೂರಕ್ಕೆ ಅದೊಂದೇ ಎನ್ನುವಂತಿದ್ದ ಮುದಿ ಕರಿಜಾಲಿಯ ಎದುರು ನಾವು ನಿಂತಿದ್ದೆವು. ಸೈಕಲ್ ಮೇಲೆ ಹೊರಟಿದ್ದ ಹಿರಿಯರೊಬ್ಬರು ಕಾಲೂರಿ ಕೇಳಿದರು: “ಏನ್ ನೋಡ್ಲಾಕತ್ತೀರಿ?” ಮರಕುಟಿಗ ಎಂದೆವು. “ಕೆಂಪ್ ತುರಾಯಿದು? ಅದೇನ್ ನೋಡ್ತೀರ್ರಿ, ದಿನಾ ಬರ್ತದ. ಮಧ್ಯಾಹ್ನ ಮಲಗ್ಲಾಕ ಬಿಡಂಗಿಲ್ಲ.” ಅವರು ಹೋದ ಸ್ವಲ್ಪ ಹೊತ್ತಿಗೇ ಕುದುರೆ ಕೆನೆದಂಥ ನಗೆ ಕೇಳಿಸಿತು. ಏರುತ್ತ ಇಳಿಯುತ್ತ ಅಲೆಯಂತೆ ಹಾರಿ ಬಂದ ಹಕ್ಕಿ ಕಾಂಡಕ್ಕೆ ಅಂಟಿಕೊಂಡು, ನಮ್ಮನ್ನು ಕಂಡದ್ದೇ ಆಚೆ ಬದಿಗೆ ಸರಿಯಿತು. ಎಲ್ಲ ಮರಕುಟಿಗಗಳೂ ಹೀಗೇ. ಕಾಂಡವನ್ನು ನಮಗೂ ತಮಗೂ ನಡುವೆ ಇಟ್ಟುಕೊಂಡು ಸುತ್ತುತ್ತವೆ.

ಇದು ಹೊಂಬೆನ್ನಿನ ಮರಕುಟಿಗ. 1758ರಲ್ಲಿ ಲಿನೇಯಸ್ ತನ್ನ ಪುಸ್ತಕದ ಹತ್ತನೆಯ ಆವೃತ್ತಿಯಲ್ಲಿ ಹೆಸರಿಟ್ಟ ಹಕ್ಕಿ. ಕೊಕ್ಕಿನಿಂದ ಬಾಲದ ತುದಿಗೆ 26ರಿಂದ 29 ಸೆಂಟಿಮೀಟರ್. ಬೆನ್ನು ಹೊನ್ನು, ಬಾಲದ ಬುಡ ಕಪ್ಪು. ಗಂಡಿನ ನೆತ್ತಿ ಪೂರ್ತಿ ಕೆಂಪು, ಹೆಣ್ಣಿನ ನೆತ್ತಿಯ ಮುಂಭಾಗ ಬಿಳಿ ಚುಕ್ಕಿಯ ಕಪ್ಪು. ಊರಿಗೆ ಇಷ್ಟು ಒಗ್ಗಿದ ಮರಕುಟಿಗ ನಮ್ಮಲ್ಲಿ ಇನ್ನೊಂದಿಲ್ಲ. ಇರುವೆಗಾಗಿ ನೆಲಕ್ಕೂ ಇಳಿಯುತ್ತದೆ. ಮರ ಸಿಗದಿದ್ದಾಗ ಮಣ್ಣಿನ ದಿಬ್ಬದಲ್ಲಿ ಗೂಡು ಕೊರೆದ ದಾಖಲೆಗಳೂ ಇವೆ. ಮೊಟ್ಟೆ ಸಾಮಾನ್ಯವಾಗಿ ಮೂರು, ಅಚ್ಚ ಬಿಳಿ. ಕತ್ತಲ ಪೊಟರೆಯಲ್ಲಿ ಯಾರ ಕಣ್ಣಿಗೂ ಬೀಳದ ಮೊಟ್ಟೆಗೆ ಬಣ್ಣದ ಮರೆ ಬೇಕಿಲ್ಲ. ಸುಮಾರು 11 ದಿನಕ್ಕೆ ಮರಿ ಹೊರಬರುತ್ತದೆ. ಕೋಳಿ ಮರಿಗೆ 21 ದಿನ ಬೇಕೆಂಬುದನ್ನು ನೆನೆದರೆ ಇದು ಅವಸರದ ಹುಟ್ಟು. ಕಣ್ಣು ತೆರೆಯದ, ಬೆತ್ತಲೆ ಮರಿಗಳು ಪೊಟರೆಯೊಳಗೇ ಇನ್ನೂ 20 ದಿನದಷ್ಟು ಬೆಳೆದು ಹಾರುತ್ತವೆ.

ಈ ಹಕ್ಕಿಯ ತಲೆಯ ಬಗ್ಗೆ ಹರಡಿರುವ ಒಂದು ಕತೆಯನ್ನು ಇಲ್ಲೇ ಬಿಡಿಸಿಬಿಡಬೇಕು. ಶಾಲೆಯ ಪುಸ್ತಕ, ಟೀವಿ, ಮೊಬೈಲಿನ ವಿಡಿಯೊ ಎಲ್ಲ ಕಡೆ ಒಂದೇ ಮಾತು: ಮರಕುಟಿಗದ ಕೊಕ್ಕಿನ ಬುಡದಲ್ಲಿ ಸ್ಪಂಜಿನಂಥ ಮೂಳೆ ಇದೆ, ಅದು ಪೆಟ್ಟನ್ನು ಹೀರಿಕೊಂಡು ಮಿದುಳನ್ನು ಕಾಪಾಡುತ್ತದೆ. ಹೀಗಾಗಿ ಹೆಲ್ಮೆಟ್ ತಯಾರಿಸುವವರು ಈ ಹಕ್ಕಿಯಿಂದ ಕಲಿಯಬೇಕಂತೆ. ಕತೆ ಸೊಗಸಾಗಿದೆ. ಆದರೆ ಫರ್ಸಿ ಗಣಿಯಲ್ಲಿ ಅರ್ಧ ಗಂಟೆ ನಿಂತು ಕಲ್ಲು ಸೀಳುವವರನ್ನು ನೋಡಿದವರಿಗೆ ಇದರ ಹುಳುಕು ಹೊಳೆಯಬೇಕು. ಚಾಣದ ಮೇಲೆ ಬೀಳುವ ಸುತ್ತಿಗೆಗೆ ಯಾರೂ ಅರಿವೆ ಸುತ್ತುವುದಿಲ್ಲ. ಸುತ್ತಿದರೆ ಕೈಗೆ ಹಿತ, ಕಲ್ಲು ಮಾತ್ರ ಸೀಳದು. ಪೆಟ್ಟಿನ ಶಕ್ತಿ ಅರಿವೆಯಲ್ಲೇ ಇಂಗಿಹೋಗುತ್ತದೆ. ಕೊಕ್ಕಿನ ಹಿಂದೆ ಸ್ಪಂಜು ಇದ್ದರೆ ಮರಕುಟಿಗ ಅದೇ ರಂಧ್ರಕ್ಕೆ ಇನ್ನಷ್ಟು ಬಿರುಸಾಗಿ ಹೊಡೆಯಬೇಕಾಗುತ್ತದೆ. ಉಳಿಸಿದ ಪೆಟ್ಟು ಮತ್ತೆ ತಲೆಗೇ ಬರುತ್ತದೆ.

ಬೆಲ್ಜಿಯಮಿನ ಆಂಟ್ವರ್ಪ್ ವಿಶ್ವವಿದ್ಯಾಲಯದ ಸ್ಯಾಮ್ ವಾನ್ ವಾಸೆನ್‌ಬರ್ಗ್ ಮತ್ತು ಸಂಗಡಿಗರು 2022ರಲ್ಲಿ ಇದನ್ನು ಅಳೆದು ತೋರಿಸಿದರು. ಮೂರು ಜಾತಿಯ ಮರಕುಟಿಗಗಳು ಮರ ಕುಟ್ಟುವುದನ್ನು ಅತಿವೇಗದ ಕ್ಯಾಮೆರಾದಲ್ಲಿ ಹಿಡಿದು, ಕೊಕ್ಕಿನ ಮೇಲಿನ ಬಿಂದುವೂ ತಲೆಬುರುಡೆಯ ಮೇಲಿನ ಬಿಂದುವೂ ಯಾವ ಯಾವ ಕ್ಷಣದಲ್ಲಿ ಎಷ್ಟು ನಿಧಾನಗೊಳ್ಳುತ್ತವೆ ಎಂದು ನೋಡಿದರು. ಸ್ಪಂಜು ಕೆಲಸ ಮಾಡುತ್ತಿದ್ದರೆ ಕೊಕ್ಕು ಥಟ್ಟನೆ ನಿಂತು, ತಲೆ ನಿಧಾನವಾಗಿ ನಿಲ್ಲಬೇಕಿತ್ತು. ಹಾಗಾಗಲಿಲ್ಲ. ಎರಡೂ ಒಟ್ಟಿಗೇ ನಿಂತವು. ಕೊಕ್ಕು, ಬುರುಡೆ ಸೇರಿ ಒಂದೇ ಗಟ್ಟಿ ಸುತ್ತಿಗೆ.

ಹಾಗಾದರೆ ಮಿದುಳಿನ ಗತಿ? ಲಾಸ್ ಏಂಜಲೀಸಿನ ಫಿಲಿಪ್ ಮೇ 1970ರ ದಶಕದಲ್ಲೇ ಇದರ ಲೆಕ್ಕ ಹಾಕಿದ್ದರು. ಕೊಕ್ಕು ಮರಕ್ಕೆ ತಾಗುವ ವೇಗ ಸೆಕೆಂಡಿಗೆ 6ರಿಂದ 7 ಮೀಟರ್, ಅಂದರೆ ಗಂಟೆಗೆ ಸುಮಾರು 25 ಕಿಲೋಮೀಟರ್. ನಿಲ್ಲುವಾಗಿನ ಆಘಾತ ಗುರುತ್ವದ ಸಾವಿರ ಪಟ್ಟಿನ ಆಸುಪಾಸು. ಇದರ ಹತ್ತರಲ್ಲೊಂದು ಪಾಲು ತಗುಲಿದರೂ ಮನುಷ್ಯ ತಲೆಸುತ್ತಿ ಬೀಳುವ ಅಪಾಯವಿದೆ. ಹಕ್ಕಿ ಉಳಿಯುವುದು ಅದರ ಮಿದುಳು ಚಿಕ್ಕದು ಎಂಬ ಸರಳ ಕಾರಣಕ್ಕೆ. ಓಡುತ್ತಿದ್ದ ವಸ್ತು ಥಟ್ಟನೆ ನಿಂತಾಗ ಅದರೊಳಗೆ ಏಳುವ ಒತ್ತಡ, ಆಘಾತ ಎಷ್ಟು ಎಂಬುದರ ಜೊತೆಗೆ ಆ ವಸ್ತು ಎಷ್ಟು ಉದ್ದ ಎಂಬುದನ್ನೂ ಅವಲಂಬಿಸಿದೆ. ಹಿಂದಿನ ಭಾಗ ಮುಂದಿನದನ್ನು ನೂಕುತ್ತದಲ್ಲ, ನೂಕುವ ಸಾಲು ಗಿಡ್ಡವಿದ್ದಷ್ಟೂ ಒತ್ತಡ ಕಡಿಮೆ. ನಮ್ಮ ಮಿದುಳು ಗೇಣುದ್ದ, ಮರಕುಟಿಗದ್ದು ಬೆರಳಿನ ಒಂದು ಗೆಣ್ಣಿನಷ್ಟು. ವಾನ್ ವಾಸೆನ್‌ಬರ್ಗ್ ತಂಡದ ಲೆಕ್ಕದ ಪ್ರಕಾರ ಈ ಹಕ್ಕಿಗಳು ಈಗಿನ ಇಮ್ಮಡಿ ವೇಗದಲ್ಲಿ ಕುಟ್ಟಿದರೂ ಮಿದುಳಿಗೆ ಪೆಟ್ಟಾಗದು. ಮನುಷ್ಯ ಗಾತ್ರದ ಮರಕುಟಿಗ ಯಾವ ಸ್ಪಂಜು ಇಟ್ಟುಕೊಂಡರೂ ಬದುಕಲಾರದು. ಇನ್ನೊಂದು ಕಡೆ, ಬೋಸ್ಟನ್ನಿನ ಸಂಶೋಧಕರು 2018ರಲ್ಲಿ ವಸ್ತುಸಂಗ್ರಹಾಲಯದ ಮರಕುಟಿಗಗಳ ಮಿದುಳಿನಲ್ಲಿ ಟೌ ಎಂಬ ಪ್ರೋಟೀನು ಕೂಡಿಕೊಂಡಿರುವುದನ್ನು ಕಂಡರು. ಬಾಕ್ಸಿಂಗ್‌ನಂಥ ಆಟಗಳಲ್ಲಿ ಮತ್ತೆ ಮತ್ತೆ ತಲೆಗೆ ಪೆಟ್ಟು ತಿಂದವರ ಮಿದುಳಿನಲ್ಲೂ ಇದೇ ಪ್ರೋಟೀನು ಗಂಟುಕಟ್ಟುತ್ತದೆ. ಹಕ್ಕಿಯಲ್ಲಿ ಅದು ಗಾಯದ ಗುರುತೋ, ಗಾಯಕ್ಕೆ ಹಚ್ಚಿದ ಮದ್ದೋ ಎಂಬ ಚರ್ಚೆ ಮುಗಿದಿಲ್ಲ.

ಕುಟ್ಟುವುದು ಕುತ್ತಿಗೆಯ ಕೆಲಸ ಮಾತ್ರವೂ ಅಲ್ಲ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರತಿ ಪೆಟ್ಟಿಗೂ ಹಕ್ಕಿಯ ಸೊಂಟ, ಹೊಟ್ಟೆ, ಬಾಲ, ಕುತ್ತಿಗೆಯ ಸ್ನಾಯುಗಳೆಲ್ಲ ಒಟ್ಟಿಗೆ ಬಿಗಿಯುವುದು ಕಂಡಿತು. ಪೆಟ್ಟು ಬೀಳುವ ಕ್ಷಣಕ್ಕೆ ಸರಿಯಾಗಿ ಹಕ್ಕಿ ಉಸಿರು ಹೊರಬಿಡುತ್ತದೆ. ಗಣಿಯ ಸುತ್ತಿಗೆಯವರು “ಹಾಂ” ಎನ್ನುವುದೂ ಇದೇ ಲೆಕ್ಕದಲ್ಲೇ. ಬಾಲದ ಗರಿಗಳು ಗಡುಸಾಗಿ ಕಾಂಡಕ್ಕೆ ಊರಿಕೊಳ್ಳುತ್ತವೆ. ಎರಡು ಬೆರಳು ಮುಂದೆ, ಎರಡು ಹಿಂದೆ ಇರುವ ಕಾಲು ತೊಗಟೆಯನ್ನು ಕಚ್ಚಿ ಹಿಡಿಯುತ್ತದೆ. ಇನ್ನು ನಾಲಿಗೆ. ಅದಕ್ಕೆ ಆಧಾರವಾದ ಎಲುಬಿನ ಎರಡು ಕವಲು ಗಂಟಲಿನಿಂದ ಹಿಂದಕ್ಕೆ ಹೋಗಿ, ತಲೆಬುರುಡೆಯನ್ನು ಹಿಂದಿನಿಂದ ಬಳಸಿ, ನೆತ್ತಿಯ ಮೇಲೆ ಹಾಯ್ದು ಹಣೆಯ ತನಕ ಬಂದು ನಿಲ್ಲುತ್ತವೆ. ಕೊಕ್ಕಿಗಿಂತ ಎಷ್ಟೋ ಉದ್ದದ ನಾಲಿಗೆಯನ್ನು ಮಡಿಚಿಡಲು ತಲೆಯಲ್ಲಿ ಬೇರೆ ಜಾಗವಿಲ್ಲ. ಅಂಟು ಜೊಲ್ಲು, ತುದಿಯಲ್ಲಿ ಹಿಮ್ಮುಖದ ಮುಳ್ಳು. ಮರದೊಳಗಿನ ಸುರಂಗದಲ್ಲಿ ಹುಳು ಎಲ್ಲಿ ಅಡಗಿದ್ದರೂ ಅದು ತಲುಪುತ್ತದೆ.

ವಾಡಿಯಲ್ಲಿ ನಾವು ಹೆಚ್ಚು ಹೊತ್ತು ನಿಲ್ಲಲಿಲ್ಲ. ಮುಂಬೈ–ಚೆನ್ನೈ ಹಳಿಗೆ ಸಿಕಂದರಾಬಾದಿನ ಹಳಿ ಬಂದು ಕೂಡುವ ಜಂಕ್ಷನ್ ಇದು. ನಿಜಾಮರ ರೈಲುಮಾರ್ಗ 1874ರಲ್ಲಿ ತೆರೆಯಿತು. ಚಿತ್ತಾಪುರ, ಮಳಖೇಡ, ಸೇಡಂ ಎಲ್ಲ ಅದರ ಮೇಲೆಯೇ ಇವೆ. ಹಕ್ಕಿಶಾಸ್ತ್ರಕ್ಕೂ ನಿಜಾಮರ ಸೀಮೆಯ ಗಡಿ ಮುಖ್ಯ. ಈ ಊರುಗಳೆಲ್ಲ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ, 1931–32ರಲ್ಲಿ ಸಲೀಂ ಅಲಿ ಸಂಸ್ಥಾನದ ಹಕ್ಕಿ ಸಮೀಕ್ಷೆ ಮಾಡಿದರು. ಬರ್ಲಿನ್ನಿನಲ್ಲಿ ಎರ್ವಿನ್ ಸ್ಟ್ರೆಸೆಮಾನರ ಬಳಿ ಕಲಿತು ಬಂದರೂ ಕೆಲಸ ಸಿಗದೆ ಕೂತಿದ್ದ ಅವರು, ಶಿಬಿರದ ಖರ್ಚು ಕೊಟ್ಟರೆ ಸಂಬಳವಿಲ್ಲದೆ ದುಡಿಯುತ್ತೇನೆಂದು ತಾವಾಗಿ ಮುಂದೆ ಬಂದಿದ್ದರು. ಅವರ ಬದುಕಿನ ಮೊದಲ ಪ್ರಾದೇಶಿಕ ಸಮೀಕ್ಷೆ ಅದು. ವರದಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ 1933–34ರಲ್ಲಿ ಕಂತುಗಳಾಗಿ ಬಂತು. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನು ಅವರು ಮುಂದೆ, 1939–40ರಲ್ಲಿ ಮಾಡಿದರು. ಹೀಗಾಗಿ ಕನ್ನಡ ನಾಡಿನ ಹಕ್ಕಿಗಳ ಹಳೆಯ ಲೆಕ್ಕ ಒಂದೇ ಪುಸ್ತಕದಲ್ಲಿ ಸಿಗುವುದಿಲ್ಲ. 1956ರಲ್ಲಿ ಜಿಲ್ಲೆಗಳು ಒಂದಾದವು, ಹಕ್ಕಿಗಳ ಪಟ್ಟಿಗಳು ಒಂದಾಗಲು ಇನ್ನೂ ಎಷ್ಟೋ ಕಾಲ ಹಿಡಿಯಿತು. ಇವತ್ತಿಗೂ ನಮ್ಮ ಹಕ್ಕಿ ಪುಸ್ತಕಗಳು ಮಲೆನಾಡಿಗೆ ಕೊಡುವ ಪುಟಗಳ ಕಾಲು ಭಾಗವನ್ನೂ ಈ ಸೀಮೆಗೆ ಕೊಡುವುದಿಲ್ಲ ಎಂಬುದು ನನ್ನ ತಕರಾರು.

ಚಿತ್ತಾಪುರದ ಆಚೆ ತೊಗರಿ ಕಟಾವಾದ ಹೊಲದ ಬದುವಿನಲ್ಲಿ ಸಿಕ್ಕಿದ್ದು ಮರಕುಟಿಗ ಕುಟುಂಬದ ದಾರಿ ತಪ್ಪಿದ ಮಗ. ಗುಬ್ಬಿಗಿಂತ ಒಂದಿಷ್ಟು ದೊಡ್ಡದು, ಒಣ ತೊಗಟೆಯದೇ ಬಣ್ಣ, ನೆಲದ ಮೇಲೆ ಕುಪ್ಪಳಿಸಿ ಇರುವೆ ನೆಕ್ಕುತ್ತಿತ್ತು. ರೈನೆಕ್ ಎಂದು ಇದರ ಹೆಸರು. ಚಳಿಗಾಲಕ್ಕೆ ಉತ್ತರದಿಂದ ಬಂದು ಬೇಸಿಗೆಗೆ ಮುನ್ನ ಮರಳುವ ಹಕ್ಕಿ. ಮರಕುಟಿಗಗಳ ಉದ್ದ ನಾಲಿಗೆ ಇದಕ್ಕೂ ಇದೆ. ಗಡುಸು ಬಾಲವಿಲ್ಲ, ಕೊರೆಯುವ ಕೊಕ್ಕೂ ಇಲ್ಲ. ಗೂಡಿಗೆ ಬೇರೆಯವರು ಬಿಟ್ಟ ಪೊಟರೆಯೇ ಗತಿ. ಹಿಡಿದರೆ ಕುತ್ತಿಗೆಯನ್ನು ಹಾವಿನಂತೆ ತಿರುಚಿ ಬುಸುಗುಡುತ್ತದೆ. ಬಯಲುಸೀಮೆಯ ಹಕ್ಕಿಪ್ರಿಯರೂ ಎಷ್ಟೋ ಸಲ ಇದನ್ನು ನೋಡದೆ ದಾಟಿಹೋಗುತ್ತಾರೆ, ಏಕೆಂದರೆ ಮರಕುಟಿಗವನ್ನು ಯಾರೂ ನೆಲದ ಮೇಲೆ ಹುಡುಕುವುದಿಲ್ಲ.

ಸೇಡಂ ತಾಲ್ಲೂಕಿಗೆ ಬರುವಷ್ಟರಲ್ಲಿ ಮರಗಳು ಹೆಚ್ಚುತ್ತವೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದಲ್ಲಿ ಕಾಗಿಣಾ ನದಿಯ ದಂಡೆಗುಂಟ, ಕೋಟೆಯ ಸುತ್ತ, ಗುಡಿ ದರ್ಗಾಗಳ ಅಂಗಳದಲ್ಲಿ ಹಳೆಯ ಬೇವು, ಆಲ, ಹುಣಸೆಗಳಿವೆ. ದೇವರ ಭಯದಿಂದಲೋ, ನೆರಳಿನ ಆಸೆಯಿಂದಲೋ ಇವನ್ನು ಕಡಿಯುವುದಿಲ್ಲ. ಮುದಿಯಾಗಲು ಬಿಟ್ಟ ಮರ ಎಂದರೆ ಪೊಟರೆ ಬಿದ್ದ ಮರ. ಅಂಥ ಒಂದು ಬೇವಿನ ಕೆಳಗೆ ನಾವು ಮಧ್ಯಾಹ್ನ ಪೂರ್ತಿ ಕಳೆದೆವು. ಹೊಂಬೆನ್ನಿನ ಜೋಡಿ ಒಣ ಟೊಂಗೆಯ ಕೆಳಮೈಯಲ್ಲಿ ಹೊಸ ರಂಧ್ರ ಕೊರೆಯುತ್ತಿತ್ತು. ಅದರ ಮೇಲಿನ ಹಳೆಯ ರಂಧ್ರದಿಂದ ಗಿಳಿ ಇಣುಕುತ್ತಿತ್ತು. ಇನ್ನೊಂದು ಟೊಂಗೆಯಲ್ಲಿ ತಾಮ್ರಕುಟಿಗ, ಅಂದರೆ ಟುಕ್ ಟುಕ್ ಎನ್ನುವ ಕುಟ್ರುಹಕ್ಕಿ, ತನ್ನದೇ ಪುಟ್ಟ ಬಾಗಿಲು ತೆರೆದಿತ್ತು. ಬುಡದ ದೊಡ್ಡ ಪೊಟರೆಯಲ್ಲಿ ಹಾಲಕ್ಕಿ ಕಣ್ಣು ಮುಚ್ಚಿ ಕೂತಿತ್ತು. ಬುಡಬುಡಕಿಯವರಿಗೆ ಶಕುನ ನುಡಿಯುವ ಈ ಪುಟ್ಟ ಗೂಬೆಗೂ ಸ್ವಂತ ಮನೆ ಕಟ್ಟುವ ಸಾಮರ್ಥ್ಯವಿಲ್ಲ.

ಕೊರೆಯುವವರು, ಕೊರೆದದ್ದನ್ನು ಹಿಡಿಯುವವರು ಎಂದು ಪೊಟರೆ ಹಕ್ಕಿಗಳಲ್ಲಿ ಎರಡು ಪಂಗಡ. ಕೆನಡಾದ ಕ್ಯಾಥಿ ಮಾರ್ಟಿನ್ ಮತ್ತು ಅಮೆರಿಕದ ಜಾನ್ ಈಡಿ 1999ರಲ್ಲಿ ಈ ಸಂಬಂಧಗಳನ್ನು ಒಂದು ಜಾಲವಾಗಿ ಬಿಡಿಸಿ ತೋರಿಸಿದರು. ಯಾರು ಯಾರನ್ನು ತಿನ್ನುತ್ತಾರೆ ಎಂಬ ಆಹಾರ ಜಾಲದ ಹಾಗೆ, ಯಾರು ಯಾರ ಮನೆಯಲ್ಲಿ ಇರುತ್ತಾರೆ ಎಂಬ ಗೂಡಿನ ಜಾಲ. ಮರಕುಟಿಗ ಪ್ರತಿ ಋತುವಿಗೂ ಸಾಮಾನ್ಯವಾಗಿ ಹೊಸ ಪೊಟರೆ ಕೊರೆಯುತ್ತದೆ. ಬಿಟ್ಟ ಮನೆಗೆ ಮೈನಾ, ಗಿಳಿ, ಮಡಿವಾಳ ಹಕ್ಕಿ, ಚಂದ್ರಮುಕುಟ ಸರದಿ ನಿಲ್ಲುತ್ತವೆ. ಕರ್ನಾಟಕದ ರಾಜ್ಯಪಕ್ಷಿ ನೀಲಕಂಠವೂ ಪೊಟರೆಯ ಬಾಡಿಗೆದಾರನೇ. ದೇಶದ ಹಕ್ಕಿಗಳ ಸ್ಥಿತಿಯ ಬಗ್ಗೆ 2023ರಲ್ಲಿ ಬಂದ ವರದಿ ನೀಲಕಂಠದ ಸಂಖ್ಯೆ ದೀರ್ಘಕಾಲದಿಂದ ಇಳಿಯುತ್ತಿದೆ ಎಂದು ಎಚ್ಚರಿಸಿತು. ಅದಕ್ಕೆ ಪೊಟರೆಯ ಕೊರತೆಯೊಂದೇ ಕಾರಣ ಎಂದು ಯಾರೂ ಹೇಳುವುದಿಲ್ಲ. ಆದರೆ ರಸ್ತೆ ಅಗಲವಾಗುವಾಗ ಮೊದಲು ಉರುಳುವವು ಪೊಟರೆ ಬಿದ್ದ ಸಾಲುಮರಗಳೇ. ಬದಲಿಗೆ ನೆಟ್ಟ ಸಸಿಯಲ್ಲಿ ಪೊಟರೆ ಬೀಳಲು ಎರಡು ತಲೆಮಾರು ಕಾಯಬೇಕು.

ಕೊರೆಯುವವರ ಹಿಂದೆಯೂ ಒಬ್ಬ ಕೊರೆಯುವವನಿದ್ದಾನೆ. ಗಟ್ಟಿ ಮರವನ್ನು ಕಡಿದು ಕೋಣೆ ಮಾಡುವುದು ಮರಕುಟಿಗಕ್ಕೂ ದುಬಾರಿ. ಫೆಲ್ಲಿನಸ್ ಗುಂಪಿನಂಥ ಅಣಬೆಗಳು ಮುರಿದ ಟೊಂಗೆಯ ಗಾಯದಿಂದ ಒಳಹೊಕ್ಕು, ವರ್ಷಗಟ್ಟಲೆ ತಿರುಳನ್ನು ಮೆತ್ತಗೆ ಮಾಡಿಟ್ಟಿರುತ್ತವೆ. ಹೊರಗಿನ ಸಿಪ್ಪೆಮರ ಗಟ್ಟಿ, ಒಳಗು ಮೆದು. ಮನೆಗೆ ಇದಕ್ಕಿಂತ ಒಳ್ಳೆಯ ನಿವೇಶನವಿಲ್ಲ. ಅಮೆರಿಕದಲ್ಲಿ ಮಿಶೆಲ್ ಜುಸಿನೋ ತಂಡ 2016ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪೈನ್ ಮರಗಳಲ್ಲಿ ಶುಚಿಯಾದ ಉಪಕರಣದಿಂದ ರಂಧ್ರ ಕೊರೆದು, ಕೆಲವನ್ನು ಜಾಲರಿಯಿಂದ ಮುಚ್ಚಿ, ಕೆಲವನ್ನು ಮರಕುಟಿಗಗಳಿಗೆ ಬಿಟ್ಟರು. ಎರಡು ವರ್ಷ ದಾಟಿದ ಮೇಲೆ ನೋಡಿದರೆ, ಹಕ್ಕಿ ಮುಟ್ಟಿದ ರಂಧ್ರಗಳಲ್ಲಿ ಹಕ್ಕಿಗಳೇ ಕೊರೆದ ಪೊಟರೆಗಳಲ್ಲಿರುವಂಥ ಶಿಲೀಂಧ್ರಗಳ ಬಳಗ ಬೆಳೆದಿತ್ತು. ಮುಚ್ಚಿದವುಗಳಲ್ಲಿ ಬೇರೆಯೇ ಬಳಗ. ಹಕ್ಕಿ ಅಣಬೆಯ ಬೀಜವನ್ನೂ ಹೊತ್ತು ತಿರುಗುತ್ತದೆ, ಮುಂದಿನ ಮನೆಯ ತಳಪಾಯಕ್ಕೆ.

ಭಾನುವಾರ ಚಿಂಚೋಳಿ. ಸೇಡಂ ಬಿಟ್ಟು ಉತ್ತರಕ್ಕೆ ಹೋದಂತೆ ನೆಲ ಬಿಳಿಬೂದಿನಿಂದ ಕಪ್ಪಿಗೆ, ಕಪ್ಪಿನಿಂದ ಕೆಂಪಿಗೆ ತಿರುಗುತ್ತದೆ. ಸುಣ್ಣಕಲ್ಲಿನ ಮೇಲೆ ದಖ್ಖನ್ನಿನ ಲಾವಾ, ಲಾವಾ ಶಿಥಿಲಗೊಂಡು ಮೇಲೆ ಉಳಿದ ಜಂಬಿಟ್ಟಿಗೆ. ಈ ಕೆಂಪು ಗುಡ್ಡಗಳ ಮೇಲೆ ಮುಲ್ಲಾಮಾರಿ ಹೊಳೆಯ ಸೀಮೆಯಲ್ಲಿ, ತೆಲಂಗಾಣದ ಅಂಚಿಗೆ, ಕುಂಚಾವರಂ ಕಾಡು ಹಬ್ಬಿದೆ. 2011ರಲ್ಲಿ ಇದರ ಸುಮಾರು 135 ಚದರ ಕಿಲೋಮೀಟರನ್ನು ಚಿಂಚೋಳಿ ವನ್ಯಜೀವಿಧಾಮವೆಂದು ಸಾರಲಾಯಿತು. ಒಳಗೆ ಮತ್ತಿ, ದಿಂಡಿಗ, ಇಪ್ಪೆ, ಮುತ್ತುಗ, ಬೀಡಿ ಎಲೆಯ ತೂಬರೆ, ಅಲ್ಲಲ್ಲಿ ರಕ್ತಚಂದನ, ಶ್ರೀಗಂಧ. ಅಂಚಿನಲ್ಲಿ ಇಲಾಖೆ ನೆಟ್ಟ ತೇಗ, ಅಕೇಶಿಯ. ನಡುವೆ ಚಂದ್ರಂಪಳ್ಳಿಯ ಜಲಾಶಯ, ಸುತ್ತ ಲಂಬಾಣಿ ತಾಂಡಾಗಳು.

ನಮ್ಮ ಪಟ್ಟಿಯ ಮೊದಲ ಹೆಸರು ಹಳದಿ ನೆತ್ತಿಯ ಮರಕುಟಿಗ. 1801ರಲ್ಲಿ ಜಾನ್ ಲೇಥಮ್ ಇದಕ್ಕೆ ಮರಾಠಾ ಸೀಮೆಯ ಹೆಸರು ಇಟ್ಟ. ಒಣ ಎಲೆಯುದುರು ಕಾಡು, ಕುರುಚಲು, ಹಳೆಯ ಮಾವಿನ ತೋಪು ಇದರ ನೆಲೆ. ಮಲೆನಾಡಿನ ಮಳೆಕಾಡಿನಲ್ಲಿ ಇದನ್ನು ಹುಡುಕಿ ಫಲವಿಲ್ಲ, ಅಂದರೆ ದಾಂಡೇಲಿಯವರಿಗಿಂತ ನಮ್ಮ ಕೈ ಮೇಲಾಗುವ ಒಂದೇ ಕಡೆ ಇದು. ಹೊಂಬೆನ್ನಿನದಕ್ಕೆ ಹೋಲಿಸಿದರೆ ಸಣ್ಣದು, 18 ಸೆಂಟಿಮೀಟರ್. ಮೈಯೆಲ್ಲ ಕಂದು ಬಿಳಿ ಚುಕ್ಕಿ, ಹಣೆ ನೆತ್ತಿ ಹಳದಿ, ಗಂಡಿಗೆ ಹೆಡಕಿನ ಮೇಲೆ ಕೆಂಪು ಪಟ್ಟಿ, ಹೊಟ್ಟೆಯ ನಡುವೆ ಕೆಂಪಿನ ಒಂದು ಬಳಿತ. ಮುಖ್ಯ ಗುಣ ಮೌನ. ಹೊಂಬೆನ್ನಿನದು ಬರುವ ಮೊದಲೇ ಡಂಗುರ ಸಾರುತ್ತದೆ, ಇದು ಬಂದು ಹೋದದ್ದೂ ತಿಳಿಯುವುದಿಲ್ಲ. ಇದ್ದರೆ ಕಿವಿಗೆ ಬೀಳುವುದು ತೊಗಟೆಯ ಚೂರು ಒಣ ಎಲೆಯ ಮೇಲೆ ಉದುರುವ ಸದ್ದು ಮಾತ್ರ. ನಮಗೂ ಹಾಗೇ ಸಿಕ್ಕಿತು. ತುದಿ ಒಣಗಿದ ದಿಂಡಿಗದ ಮೇಲೆ ಗಂಡು, ನೆಲದಿಂದ ಎರಡಾಳು ಎತ್ತರದಲ್ಲಿ, ಬೆಳಗಿನ ಬಿಸಿಲಿಗೆ ಬೆನ್ನು ಕೊಟ್ಟು ತೊಗಟೆ ಎಬ್ಬುತ್ತಿತ್ತು. ದುರ್ಬೀನು ಎಲ್ಲರ ಕೈ ದಾಟಿದರೂ ಅದು ಜಾಗ ಬಿಡಲಿಲ್ಲ.

ಅದೇ ಮರದ ಬೆರಳು ಗಾತ್ರದ ಕೊಂಬೆಗಳಲ್ಲಿ ಗುಬ್ಬಿಯಷ್ಟೇ ಇರುವ ಕುಬ್ಜ ಮರಕುಟಿಗ ತಲೆಕೆಳಗಾಗಿ ತಿರುಗುತ್ತಿತ್ತು. ಉದ್ದ 13 ಸೆಂಟಿಮೀಟರ್. ಒಂದೇ ಮರದಲ್ಲಿ ಎರಡು ಜಾತಿ, ಜಗಳವಿಲ್ಲ. ಕೇರಳದ ಪೀಚಿ–ವಾಳಾನಿ ಕಾಡಿನಲ್ಲಿ ವಿ. ಸಂತಾರಾಂ ಒಟ್ಟಿಗೆ ಬದುಕುವ ಮರಕುಟಿಗಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಒಂದೇ ಕಾಡನ್ನು ಇವು ಹಂಚಿಕೊಳ್ಳುವುದು ಹೇಗೆಂಬುದೇ ಅಲ್ಲಿಯೂ ಪ್ರಶ್ನೆ. ಭಾರದ ಹಕ್ಕಿಗೆ ಕಾಂಡ, ಹಗುರದ್ದಕ್ಕೆ ರೆಂಬೆ. ಒಂದು ಆಳಕ್ಕೆ ಕೊರೆದರೆ ಇನ್ನೊಂದು ಮೇಲ್ಮೈ ಕೆದಕುತ್ತದೆ. ಮರ ದೊಡ್ಡದಾದಷ್ಟೂ, ಅದರ ಒಣ ಭಾಗ ಹೆಚ್ಚಿದಷ್ಟೂ ಹಂಚಿಕೊಳ್ಳಲು ಇರುವ ಪಾಲು ಹೆಚ್ಚು. ಪಕ್ಕದ ತೇಗದ ತೋಪಿನಲ್ಲಿ ಅರ್ಧ ಮೈಲಿ ನಡೆದರೂ ಒಂದೂ ಸದ್ದು ಕೇಳಲಿಲ್ಲ. ಒಂದೇ ವಯಸ್ಸಿನ ಮರಗಳು, ಒಂದೇ ದಪ್ಪ. ತೇಗದ ತಿರುಳು ಶಿಲೀಂಧ್ರಕ್ಕೆ ಸುಲಭದಲ್ಲಿ ಬಗ್ಗುವುದೂ ಇಲ್ಲ. ಬಡಗಿಗೆ ಯಾವ ಗುಣ ಪ್ರಿಯವೋ ಅದೇ ಗುಣ ಈ ಹಕ್ಕಿಗೆ ಬೇಡ.

ಕಾಡಿನೊಳಗೆ ಇಷ್ಟು ಒಣಮರ ನಿಂತಿರುವುದಕ್ಕೆ ಕಾನೂನಿನ ಒಂದು ಸಾಲು ಕೂಡ ಕಾರಣ. ಹಿಂದೆ ಅರಣ್ಯ ಇಲಾಖೆಗಳು ಸತ್ತ, ರೋಗ ಹಿಡಿದ, ಗಾಳಿಗೆ ಬಿದ್ದ ಮರಗಳನ್ನು ಕಾಡಿನಿಂದ ತೆಗೆಯುವುದನ್ನು ಒಳ್ಳೆಯ ನಿರ್ವಹಣೆ ಎಂದೇ ಎಣಿಸುತ್ತಿದ್ದವು. ಕಾಡುಗಳ ರಕ್ಷಣೆ ಕುರಿತ ಗೋದಾವರ್ಮನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2000ದ ಫೆಬ್ರವರಿ 14ರಂದು ಆದೇಶ ಕೊಟ್ಟು, ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಂದ ಅಂಥ ಮರಗಳನ್ನು ಹೊರಗೊಯ್ಯುವುದನ್ನು ತಡೆಯಿತು. 2011ರಲ್ಲಿ ಕುಂಚಾವರಂ ಕಾಡು ವನ್ಯಜೀವಿಧಾಮವಾದಾಗ ಇಲ್ಲಿನ ಒಣಮರಗಳಿಗೂ ಆ ಆಸರೆ ದಕ್ಕಿತು. ಆ ಆದೇಶ ಬರೆದವರ ಮನಸ್ಸಿನಲ್ಲಿ ಮರಕುಟಿಗ ಇದ್ದಿರಲಾರದು. ಆದರೂ ಹುಲಿಗಾಗಿ ಮಾಡಿದ ಎಷ್ಟೋ ನಿಯಮಗಳಿಗಿಂತ ಇದು ಹಕ್ಕಿಗೆ ಹೆಚ್ಚು ಉಪಕಾರಿ ಎಂದು ನನಗನಿಸುತ್ತದೆ.

ಕಾನೂನು ಒಲೆ ಉರಿಸುವುದಿಲ್ಲ ಎಂಬುದೂ ನಿಜ. ದಾರಿಯಲ್ಲಿ ತಾಂಡಾದ ಹೆಣ್ಣುಮಕ್ಕಳು ಹೊರೆ ಹೊತ್ತು ಎದುರಾದರು. ಹೊರೆಯಲ್ಲಿ ಹೆಚ್ಚಿನವು ಸಣ್ಣ ಕಟ್ಟಿಗೆ. ಪೊಟರೆ ಬೀಳುವ ಗಾತ್ರದ ದಿಮ್ಮಿ ಯಾರ ತಲೆಯ ಮೇಲೂ ಇರಲಿಲ್ಲ. ಬಯಲಿನ ಹಳ್ಳಿಗಳಲ್ಲಿ ಕಟ್ಟಿಗೆಯ ಕೊರತೆಯನ್ನು ತುಂಬುವುದು ತೊಗರಿ ಕಟಗಿ. ರಾಶಿ ಮುಗಿದ ಮೇಲೆ ಪ್ರತಿ ಮನೆಯ ಹಿತ್ತಲಲ್ಲೂ ಅದರ ಬಣವೆ ಏಳುತ್ತದೆ, ಒಲೆಗೆ ವರ್ಷದ ಬಹುಪಾಲು ಅದೇ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಕಲಬುರಗಿ ತೊಗರಿಯ ಬಗ್ಗೆ ಬರೆಯುವವರು ಬೇಳೆಯ ರುಚಿಯನ್ನಷ್ಟೇ ಹೊಗಳುತ್ತಾರೆ. ಹೊಲದ ನಡುವಿನ ಮುದಿ ಜಾಲಿ, ಬೇವುಗಳಲ್ಲಿ ಒಂದಿಷ್ಟು ಉಳಿದಿರುವುದಕ್ಕೆ ಅದರ ಕಡ್ಡಿಯ ಪಾಲೂ ಇರಬೇಕು ಎಂಬುದು ನನ್ನ ಊಹೆ. ಯಾರಾದರೂ ಕಲಬುರಗಿಯ ಸಸ್ಯಶಾಸ್ತ್ರ ವಿದ್ಯಾರ್ಥಿ ಇದನ್ನು ಅಳೆದು ನೋಡಬಹುದು. ಹೆಚ್ಚು ಸಲಕರಣೆ ಬೇಡ. ತೊಗರಿ ಬೆಳೆಯುವ ಊರು, ಬೆಳೆಯದ ಊರು, ಎರಡರಲ್ಲೂ ನಿಂತ ಒಣಮರಗಳ ಎಣಿಕೆ, ಅವುಗಳಲ್ಲಿ ಇರುವ ರಂಧ್ರಗಳ ಎಣಿಕೆ.

ಬಿಳಿ ಹೆಡಕಿನ ಮರಕುಟಿಗ ನಮಗೆ ಸಿಗಲಿಲ್ಲ. ಒಣಕಾಡಿನ ದೊಡ್ಡ ಮರಕುಟಿಗ ಅದು, ಎಲ್ಲಿಯೂ ಹೇರಳವಲ್ಲ. ದಪ್ಪ ಕಾಂಡದ ಹಳೆಯ ಮರಗಳಿರುವ ಎಲೆಯುದುರು ಕಾಡು ಬೇಡುತ್ತದೆ. ಹುಡುಕುವವರು ಅರಣ್ಯ ಇಲಾಖೆಯ ಅನುಮತಿ ಪಡೆದು, ಮರಗಳು ಬೋಳಾಗಿ ಮುತ್ತುಗ ಅರಳುವ ಹೊತ್ತಿಗೆ, ಕಾಳ್ಗಿಚ್ಚಿನ ದಿನಗಳು ಶುರುವಾಗುವ ಮೊದಲು ಹೋಗುವುದು ಒಳ್ಳೆಯದು. ಮೇಲೆ ನೋಡುವ ಮುನ್ನ ಮರದ ಬುಡ ನೋಡಿ. ಹೊಸದಾಗಿ ಉದುರಿದ ಚಕ್ಕೆ ತಿಳಿಯಾಗಿರುತ್ತದೆ, ಹಳೆಯದು ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ದೂರದಿಂದ ಹೊಂಬೆನ್ನಿನದೋ ಬಿಳಿ ಹೆಡಕಿನದೋ ಎಂದು ಗೊಂದಲವಾದರೆ ಬೆನ್ನಿನ ಹೊನ್ನನ್ನು ನಂಬಬೇಡಿ, ಅದು ಎರಡಕ್ಕೂ ಇದೆ. ಹೆಡಕಿನಿಂದ ಬೆನ್ನಿನ ಮೇಲ್ಭಾಗಕ್ಕೆ ಇಳಿದ ಬಿಳಿ, ಅದರ ಎರಡೂ ಬದಿ ಕಪ್ಪು ಪಟ್ಟಿ ಕಂಡರೆ ಅದೇ. ನೆತ್ತಿ ಕೆಂಪಾಗಿದ್ದರೆ ಗಂಡು, ಹಳದಿಯಾಗಿದ್ದರೆ ಹೆಣ್ಣು.